ಡೀಲರ್‌ಗಳಿಗೆ ಏನು ಗಿಫ್ಟ್ ಕೊಡಲಿ? ಪವರ್ ಬ್ಯಾಂಕಾ, ಸ್ಟೀಲ್ ಬಾಟಲಿಯಾ?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಹತ್ತಿರ ನಮ್ಮದು ಬೋರ್‌ವೆಲ್ ಮೋಟರ್, ಪೈಪು, ಕೇಬಲ್ ಹೋಲ್‌ಸೇಲ್ ವ್ಯಾಪಾರ. ಶಿರಾ, ಮಧುಗಿರಿ, ಪಾವಗಡ, ಗುಬ್ಬಿ, ತಿಪಟೂರು ಕಡೆಯ 140 ಅಂಗಡಿಗಳಿಗೆ ಮಾಲು ಹಾಕುತ್ತೇವೆ. ಪ್ರತಿ ದೀಪಾವಳಿಗೆ ಡ್ರೈಫ್ರೂಟ್ ಬಾಕ್ಸ್ ಕೊಡುತ್ತಿದ್ದೆವು. ಯಾರೂ ನೆನಪಿಟ್ಟುಕೊಂಡ ಹಾಗೆ ಕಾಣಲಿಲ್ಲ. ಈ ಸಲ 2 ಲಕ್ಷ ರೂಪಾಯಿ ಎತ್ತಿಟ್ಟಿದ್ದೇವೆ. ನಮ್ಮ ಹೆಸರು ಹಾಕಿಸಿ ಪವರ್ ಬ್ಯಾಂಕ್ ಕೊಡೋದಾ, ಸ್ಟೀಲ್ ಬಾಟಲಿ ಕೊಡೋದಾ? ಯಾವುದು ಒಳ್ಳೆಯದು?

ಉತ್ತರ: ನಿಮಗೆ ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಗಿಫ್ಟ್ ಕ್ಯಾಟಲಾಗ್ ಮುಚ್ಚಿಟ್ಟು, ನಿಮ್ಮ 140 ಅಂಗಡಿಗಳಲ್ಲಿ ಯಾವುದಾದರೂ ನಾಲ್ಕಕ್ಕೆ ಹೋಗಿ ಗಲ್ಲಾ ಪಕ್ಕ ಅರ್ಧ ಗಂಟೆ ಸುಮ್ನೆ ಕೂತು ಬನ್ನಿ. ಆರ್ಡರ್ ಕೇಳಬೇಡಿ, ಬಾಕಿ ಕೇಳಬೇಡಿ. ಕೈ ಯಾವುದರ ಮೇಲೆ ಹೋಗುತ್ತದೆ, ಯಾರು ಯಾರನ್ನು ಏನು ಕೇಳುತ್ತಾರೆ, ಅಷ್ಟನ್ನೇ ನೋಡಿ.

ನಾನು 24 ವರ್ಷದಿಂದ ತುಮಕೂರಿನಲ್ಲಿ ಪ್ರಿಂಟಿಂಗ್ ಮತ್ತು ಗಿಫ್ಟ್ ಸರಬರಾಜು ಮಾಡುತ್ತಿದ್ದೇನೆ. ಬಂದವರೆಲ್ಲ ಕೇಳೋದು ನಿಮ್ಮ ಪ್ರಶ್ನೆಯನ್ನೇ, ಅದು ಕೊಡೋದಾ ಇದು ಕೊಡೋದಾ ಅಂತ. ಯಾರ ಕೈಗೆ, ಯಾವ ಹೊತ್ತಿಗೆ ಅಂತ ಕೇಳುವವರು ಕಡಿಮೆ. ನಿಮ್ಮ ಡ್ರೈಫ್ರೂಟ್ ಬಾಕ್ಸ್ ವಿಷಯದಲ್ಲೂ ಆಗಿರೋದು ಅದೇ. ಗೋಡಂಬಿ ದ್ರಾಕ್ಷಿಯಲ್ಲಿ ತಪ್ಪೇನೂ ಇಲ್ಲ. ಆದರೆ ದೀಪಾವಳಿ ವಾರದಲ್ಲಿ ಆ ಅಂಗಡಿಗೆ ಪೈಪಿನವರ ಬಾಕ್ಸ್, ಕೇಬಲ್‌ನವರ ಬಾಕ್ಸ್, ಬ್ಯಾಂಕಿನವರ ಬಾಕ್ಸ್, ಪೇಂಟಿನವರ ಬಾಕ್ಸ್ ಎಲ್ಲವೂ ಒಟ್ಟಿಗೇ ಬರುತ್ತವೆ. ಸಂಜೆ ಅವರು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಡಬ್ಬಿ ತೆರೆದವರಿಗೆ ಯಾವುದು ಯಾರದು ಅಂತ ಹೇಗೆ ಗೊತ್ತಾಗಬೇಕು?

ನಿಮ್ಮ ವ್ಯಾಪಾರದಲ್ಲಿ ಮೋಟರ್ ಯಾವುದು ತಗೋಬೇಕು ಅಂತ ತೀರ್ಮಾನ ಮಾಡೋದು ಯಾರು? ಅಂಗಡಿ ಮಾಲೀಕರು ಸ್ವಲ್ಪ ಮಟ್ಟಿಗೆ. ರೈತರು ಇನ್ನೂ ಸ್ವಲ್ಪ. ಆದರೆ ಮೋಟರ್ ಸುಟ್ಟು ಹೋದಾಗ ರೈತ ಮೊದಲು ಫೋನ್ ಮಾಡೋದು ಮೆಕ್ಯಾನಿಕ್‌ಗೆ. ಸಾವಿರ ಅಡಿ ಬೋರ್‌ನಿಂದ ಪೈಪು ಎತ್ತಿ, ಸುಟ್ಟ ಮೋಟರ್ ಹೊರಗೆ ತೆಗೆದು, "ಅಣ್ಣ, ಇದು ರಿವೈಂಡಿಂಗ್ ಮಾಡಿಸಿದರೂ ನಿಲ್ಲಲ್ಲ, ಹೊಸದು ತಗೊಳ್ಳಿ, ಇಂಥದ್ದೇ ತಗೊಳ್ಳಿ" ಅಂತ ಹೇಳೋದು ಆತ. ಆ ಮಾತು ಹೇಳುವವನಿಗೆ ನೀವು ಇಷ್ಟು ವರ್ಷ ಏನು ಕೊಟ್ಟಿದ್ದೀರಿ? ಏನೂ ಇಲ್ಲ, ಅಲ್ವಾ? ಅಂಗಡಿಯಲ್ಲಿ ಮಾಲು ಇಳಿಸಿಕೊಂಡು, ಲೆಕ್ಕ ನೋಡಿ, "ಮೇಡಂ ಎರಡು ಪೀಸ್ ಕಡಿಮೆ ಬಂದಿದೆ" ಅಂತ ನಿಮಗೆ ಫೋನ್ ಮಾಡುವ ಕೌಂಟರ್ ಹುಡುಗನಿಗೂ ಇಲ್ಲ. ಬಾಕ್ಸ್ ಯಾವಾಗಲೂ ಮಾಲೀಕರ ಮನೆಗೇ ಹೋಗಿದೆ.

ಅದಕ್ಕೇ ನನ್ನ ಮೊದಲ ಸಲಹೆ ಮೆಕ್ಯಾನಿಕ್‌ಗಳ ಪಟ್ಟಿ ಮಾಡಿ ಅನ್ನೋದು. ಐದು ತಾಲ್ಲೂಕಿನಲ್ಲಿ ಕೆಲಸ ಗೊತ್ತಿರುವ, ಜನ ನಂಬುವ 40 ಜನ ಸಿಕ್ಕೇ ಸಿಗುತ್ತಾರೆ. ಅವರಿಗೆ ಒಂದು ಒಳ್ಳೆಯ ಕ್ಲಾಂಪ್ ಮೀಟರ್ ಕೊಡಿ, ನಮ್ಮ ಕಡೆ ಟಾಂಗ್ ಟೆಸ್ಟರ್ ಅಂತಾರಲ್ಲ, ಅದು. ವೈರನ್ನು ಕತ್ತರಿಸದೆ, ಸುಮ್ನೆ ಅದರ ಸುತ್ತ ಹಿಡಿದರೆ ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ತೋರಿಸುತ್ತದೆ. ಮೋಟರ್ ಜಾಸ್ತಿ ಲೋಡ್ ಎಳೆಯುತ್ತಿದೆಯಾ, ಮೂರು ಫೇಸ್‌ನಲ್ಲಿ ಒಂದು ಕಡಿಮೆ ಇದೆಯಾ, ನೀರಿಲ್ಲದೆ ಒಣಗಿ ಓಡುತ್ತಿದೆಯಾ, ಎಲ್ಲದರ ಸುಳಿವು ಅಲ್ಲೇ ಸಿಗುತ್ತದೆ. ಬಹಳ ಜನ ಮೆಕ್ಯಾನಿಕ್‌ಗಳು ಇವತ್ತಿಗೂ ಟೆಸ್ಟರ್ ಸ್ಕ್ರೂಡ್ರೈವರ್ ಮತ್ತು ಅನುಭವ ಎರಡನ್ನೇ ನಂಬಿಕೊಂಡು ಕೆಲಸ ಮಾಡುತ್ತಾರೆ. ಈ ಮೀಟರ್ ದಿನಕ್ಕೆ ಹತ್ತು ಸಲ ಅವರ ಕೈಗೆ ಬರುತ್ತದೆ. ನಿಮ್ಮ ಮೋಟರ್ ಸುಟ್ಟಾಗಲೂ ಯಾಕೆ ಸುಟ್ಟಿತು ಅಂತ ಸರಿಯಾದ ಕಾರಣ ನಿಮಗೆ ಗೊತ್ತಾಗುತ್ತದೆ. ವಾರಂಟಿ ಜಗಳ ಎಷ್ಟು ಕಡಿಮೆಯಾಗುತ್ತೆ ಯೋಚಿಸಿ.

ಆದರೆ ಇಲ್ಲಿ ಒಂದು ಮಾತು, ದಯವಿಟ್ಟು ಮನಸ್ಸಿಗೆ ತಗೊಳ್ಳಿ. ಕರೆಂಟ್ ಕೆಲಸದ ವಸ್ತು ಕೊಡುವಾಗ ಅಗ್ಗದ್ದು ಕೊಡಲೇಬೇಡಿ. 415 ವೋಲ್ಟ್ ತ್ರೀ ಫೇಸ್ ಲೈನಿನ ಮುಂದೆ ಒದ್ದೆ ನೆಲದ ಮೇಲೆ ನಿಂತು ಆತ ಆ ಮೀಟರ್ ಹಿಡಿಯುತ್ತಾನೆ. ಮೀಟರ್ ಮೇಲೆ ಕ್ಯಾಟ್ 3 (CAT III), 600 ವೋಲ್ಟ್ ಅಂತ ಸುರಕ್ಷತೆಯ ಗುರುತು ಇರಬೇಕು, ಹೆಸರಿರುವ ಕಂಪನಿಯದ್ದಾಗಿರಬೇಕು, ಬಿಲ್ ಇರಬೇಕು. ಅಂಥದ್ದು ಸುಮಾರು 1,500 ರೂಪಾಯಿಗೆ ಸಿಗುತ್ತದೆ. ಕ್ಯಾಟಲಾಗಿನಲ್ಲಿ 350 ರೂಪಾಯಿಗೆ ಬರುವ ಹೆಸರಿಲ್ಲದ ಮೀಟರ್ ಮೇಲೆ ನಿಮ್ಮ ಹೆಸರು ಹಾಕಿಸಿ ಕೊಟ್ಟು, ಅದು ಕರೆಂಟ್ ಇಲ್ಲ ಅಂತ ತಪ್ಪು ತೋರಿಸಿದರೆ? ಹಣ ಸಾಲದಿದ್ದರೆ 40ರ ಬದಲು 25 ಜನಕ್ಕೆ ಕೊಡಿ. ಗುಣಮಟ್ಟ ಇಳಿಸಬೇಡಿ.

ಇನ್ನೊಂದು. "ಹತ್ತು ಮೋಟರ್ ಹಾಕಿಸಿದರೆ ಮೀಟರ್ ಕೊಡ್ತೀವಿ" ಅಂತ ಷರತ್ತು ಹಾಕಬೇಡಿ. ಅದು ಗಿಫ್ಟ್ ಅಲ್ಲ, ಕಮಿಷನ್. ಆ ಕಮಿಷನ್ ಕೊನೆಗೆ ಬೀಳೋದು ಸಾಲ ಮಾಡಿ ಬೋರ್ ಕೊರೆಸಿದ ರೈತನ ತಲೆ ಮೇಲೆ. ಕೆಲಸ ಚೆನ್ನಾಗಿ ಮಾಡುತ್ತೀಯಪ್ಪ, ಇದು ಇರಲಿ ಅಂತ ಕೊಡಿ. ಅಷ್ಟು ಸಾಕು.

ಅಂಗಡಿಗಳ ವಿಷಯಕ್ಕೆ ಬರೋಣ. ನಾನು ನೋಡಿದ್ದರಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ದಿನ ಉಳಿದದ್ದು ಒಂದು ಚಾರ್ಟ್. ಲ್ಯಾಮಿನೇಷನ್ ಮಾಡಿದ, ಗೋಡೆಗೆ ತೂಗುಹಾಕುವ ಗಟ್ಟಿ ಚಾರ್ಟ್. ಅದರಲ್ಲಿ ಎಷ್ಟು ಎಚ್‌ಪಿ ಮೋಟರ್‌ಗೆ ಎಷ್ಟು ಆಳಕ್ಕೆ ಎಷ್ಟು ಸ್ಕ್ವೇರ್ ಎಂಎಂ ಕೇಬಲ್ ಬೇಕು, ಯಾವ ಪೈಪಿನಲ್ಲಿ ಎಷ್ಟು ನೀರು ಹೋದರೆ ಎಷ್ಟು ಒತ್ತಡ ಕಳೆದುಹೋಗುತ್ತದೆ ಅನ್ನೋದು ಇರಬೇಕು. 1 ಮೀಟರ್ ಅಂದರೆ 3.28 ಅಡಿ, 1 ಎಚ್‌ಪಿ ಅಂದರೆ 746 ವ್ಯಾಟ್, 10 ಮೀಟರ್ ಎತ್ತರದ ನೀರು ಅಂದರೆ 1 ಕೆಜಿ ಪ್ರೆಶರ್, ಇಂಥ ದಿನಾ ಕೇಳುವ ಲೆಕ್ಕವೂ ಇರಲಿ. ಕೇಬಲ್ ಟೇಬಲ್ಲನ್ನು ನೀವು ಮಾರುವ ಮೋಟರ್ ಕಂಪನಿಯ ಕೈಪಿಡಿಯಿಂದಲೇ ತಗೊಂಡು, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಅಂಗಡಿ ಹುಡುಗ ಹೊಸಬನಾದರೂ ಚಾರ್ಟ್ ನೋಡಿ ಉತ್ತರ ಹೇಳುತ್ತಾನೆ. ರೈತರೂ ನಿಂತು ಓದುತ್ತಾರೆ. ಗುಬ್ಬಿ ಕಡೆಯ ಒಂದು ಅಂಗಡಿಯಲ್ಲಿ ನಾನು ಪ್ರಿಂಟ್ ಮಾಡಿಕೊಟ್ಟ ಇಂಥ ಚಾರ್ಟ್ ಒಂಬತ್ತು ವರ್ಷದಿಂದ ಅದೇ ಮೊಳೆಯಲ್ಲಿದೆ. ಅಂಚೆಲ್ಲ ಕಿತ್ತಿದೆ, ಟೇಪ್ ಹಚ್ಚಿಕೊಂಡು ಇಟ್ಟುಕೊಂಡಿದ್ದಾರೆ.

ಚಾರ್ಟಿನ ತಲೆಯಲ್ಲಿ ಅಂಗಡಿಯವರ ಹೆಸರು ದೊಡ್ಡದಾಗಿ ಇರಲಿ. ನಿಮ್ಮ ಹೆಸರು, ಫೋನ್ ನಂಬರ್ ಕೆಳಗೆ ಸಣ್ಣದಾಗಿ. ಈಗ ಡಿಜಿಟಲ್ ಪ್ರಿಂಟ್‌ನಲ್ಲಿ 140 ಪ್ರತಿಗೂ 140 ಬೇರೆ ಬೇರೆ ಹೆಸರು ಹಾಕೋದು ಕಷ್ಟವೇ ಅಲ್ಲ. ಇದನ್ನು ಹೇಳಿದಾಗ ಎಷ್ಟೋ ಜನ ಒಪ್ಪಲ್ಲ. "ದುಡ್ಡು ನಮ್ಮದು, ಹೆಸರು ಅವರದ್ದಾ?" ಅಂತಾರೆ. ನನ್ನ ತಂದೆಯ ಎಚ್‌ಎಂಟಿ ವಾಚ್ ನೆನಪಾಗುತ್ತದೆ. ನಮ್ಮ ತುಮಕೂರಿನಲ್ಲೇ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತಲ್ಲ, 2016ರಲ್ಲಿ ಮುಚ್ಚಿತು. ನಮ್ಮ ತಂದೆ ಲೆಕ್ಕ ಬರೆಯುತ್ತಿದ್ದ ಮಂಡಿಯವರು ಕೊಟ್ಟ ವಾಚ್ ಅದು. ಡಯಲ್ ಮೇಲೆ ಏನೂ ಇರಲಿಲ್ಲ. ಹಿಂದಿನ ಮುಚ್ಚಳದಲ್ಲಿ ನಮ್ಮ ತಂದೆಯ ಹೆಸರು, ಕೆಳಗೆ ಮಂಡಿಯ ಹೆಸರಿನ ಎರಡು ಅಕ್ಷರ, ಇಸವಿ. ಇಪ್ಪತ್ತು ವರ್ಷ ದಿನಾ ಕಟ್ಟಿಕೊಂಡರು. ಡಯಲ್ ಮೇಲೆ ಮಂಡಿಯ ಹೆಸರು ದಪ್ಪಗೆ ಬರೆಸಿದ್ದರೆ ಮದುವೆ ಮನೆಗೆ ಕಟ್ಟಿಕೊಂಡು ಹೋಗುತ್ತಿದ್ದರಾ? ಜಾಹೀರಾತು ಹೊತ್ತುಕೊಂಡು ತಿರುಗಲು ಯಾರಿಗೂ ಇಷ್ಟ ಇರಲ್ಲ.

ಕನ್ನಡ ಅಕ್ಷರದ ಬಗ್ಗೆ ಹೇಳಲೇಬೇಕು, ನನಗೆ ಇದು ತುಂಬಾ ನೋವಿನ ವಿಷಯ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರ ಕಿತ್ತು ಪಕ್ಕಕ್ಕೆ ಹೋಗುತ್ತದೆ. 'ಶ್ರೀ' ಅನ್ನೋದು 'ಶ್ ರೀ' ಆಗುತ್ತದೆ. ಕನ್ನಡ ಬಾರದ ಊರಿನಲ್ಲಿ ಕೆತ್ತನೆ ಮಾಡಿಸಿದರೆ ಅವರಿಗೆ ತಪ್ಪು ಕಾಣೋದೂ ಇಲ್ಲ. ಸಿದ್ದೇಶ್ವರ ಅಂತ ಇರಬೇಕಾದ ಅಂಗಡಿ ಹೆಸರು ಒಡೆದು ಬಂದರೆ ಅದನ್ನು ಕೊಡೋದಕ್ಕಿಂತ ಕೊಡದೇ ಇರೋದು ವಾಸಿ. ಡಿಸೈನ್ ಮಾಡುವವರಿಗೆ ಅಕ್ಷರವನ್ನು ಕರ್ವ್ಸ್ ಮಾಡಿ ಕಳಿಸಿ ಅನ್ನಿ, ಅವರಿಗೆ ಅರ್ಥವಾಗುತ್ತದೆ. ಮೊದಲ ಪೀಸ್ ಫೋಟೊ ತರಿಸಿಕೊಂಡು, ಒಂದೊಂದೇ ಅಕ್ಷರ ಓದಿ, ಆಮೇಲೆ ಒಪ್ಪಿಗೆ ಕೊಡಿ.

ಚಾರ್ಟ್ ಜೊತೆಗೆ ಅಂಗಡಿಗೆ ಒಂದು ವಸ್ತು ಬೇಕು ಅಂದರೆ ನನ್ನ ಆಯ್ಕೆ ಚಾರ್ಜ್ ಮಾಡುವ ಒಳ್ಳೆಯ ಟಾರ್ಚ್. ನಿಮ್ಮ ಅಂಗಡಿಯವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಸ್ವಂತ ತೋಟ ಇರುತ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಮೋಟರ್ ಹಾಕಲು ಕತ್ತಲಲ್ಲಿ ಹೋಗೋದು, ದಾರಿಯಲ್ಲಿ ಹಾವು, ಹಂದಿ, ಈಚೆಗೆ ಚಿರತೆ ಭಯ ಬೇರೆ. ಟಾರ್ಚ್ ಮನೆಯಲ್ಲಿ ಬಾಗಿಲ ಪಕ್ಕದಲ್ಲೇ ಇರುತ್ತದೆ. ಅದರ ಹಿಡಿ ಮೇಲೆ ಲೇಸರ್‌ನಲ್ಲಿ ಸಣ್ಣದಾಗಿ ಹೆಸರು ಕೆತ್ತಿಸಿ. ಸ್ಕ್ರೀನ್ ಪ್ರಿಂಟ್ ಆದರೆ ಕೈ ಬೆವರಿಗೆ, ಗ್ರೀಸಿಗೆ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ.

ಈಗ ನಿಮ್ಮ ಬಾಟಲಿ ಮತ್ತು ಪವರ್ ಬ್ಯಾಂಕ್. ಕೆಲವು ವರ್ಷದ ಹಿಂದೆ ನಾನೇ ಒಬ್ಬ ಗಿರಾಕಿಗೆ 300 ಸ್ಟೀಲ್ ಬಾಟಲಿ ಮಾಡಿಸಿಕೊಟ್ಟೆ. ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿ ತೋರಿಸಿದ ಸ್ಯಾಂಪಲ್ ಬಹಳ ಚೆನ್ನಾಗಿತ್ತು. ಬಂದ ಲಾಟ್ ಬೇರೆ. ಒಂದೂವರೆ ತಿಂಗಳಿಗೆ ಒಳಗಿನ ತಳದಲ್ಲಿ ಕಂದು ಚುಕ್ಕಿ ಬಂತು. ಶಿರಾದ ಒಂದು ಅಂಗಡಿ ಟೇಬಲ್ ಮೇಲೆ ನನ್ನ ಗಿರಾಕಿಯ ಹೆಸರು ಹೊತ್ತ ತುಕ್ಕು ಬಾಟಲಿ ಇತ್ತು. ಅದನ್ನು ನೋಡಿ ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಅಷ್ಟೂ ವಾಪಸ್ ತಗೊಂಡು ಬದಲಾಯಿಸಿಕೊಟ್ಟೆ. ಅಂದಿನಿಂದ ಸ್ಯಾಂಪಲ್‌ಗೆ ಸಹಿ ಹಾಕಿಸಿ, ಸೀಲ್ ಮಾಡಿ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಲಾಟ್ ಬಂದಾಗ ಮೇಲಿನ ಡಬ್ಬಿ ಬಿಟ್ಟು ಮಧ್ಯದಿಂದ, ಕೆಳಗಿನಿಂದ ಹತ್ತು ಪೀಸ್ ಎಳೆದು ಹೋಲಿಸುತ್ತೇನೆ.

ಒಳಗಿನ ಸ್ಟೀಲ್ 304 ದರ್ಜೆಯದ್ದಾಗಿರಬೇಕು. ಅದರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. 202 ದರ್ಜೆಯಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅಗ್ಗ, ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಇಟ್ಟು ನೋಡಿದರೆ ಗೊತ್ತಾಗುತ್ತೆ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. 202 ಕೂಡ ಅಯಸ್ಕಾಂತಕ್ಕೆ ಸರಿಯಾಗಿ ಅಂಟಲ್ಲ. ಮ್ಯಾಂಗನೀಸ್ ಪತ್ತೆ ಹಚ್ಚುವ ಟೆಸ್ಟ್ ದ್ರಾವಣ ಸಿಗುತ್ತದೆ, ಒಂದು ಹನಿ ಹಾಕಿದರೆ ಬಣ್ಣ ತಿರುಗುತ್ತದೆ. ಫ್ಲಾಸ್ಕ್ ಬಾಟಲಿ ಆದರೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ. ಬಿಸಿ ಹತ್ತಿದ್ದರೆ ಒಳಗಿನ ವ್ಯಾಕ್ಯೂಮ್ ಹೋಗಿದೆ ಅಂತಲೇ ಅರ್ಥ.

ಇಷ್ಟೆಲ್ಲ ನೋಡಿ ಒಳ್ಳೆಯ ಬಾಟಲಿಯೇ ತಂದರೂ, ನಿಮ್ಮ ಅಂಗಡಿಯವರ ಮನೆಯಲ್ಲಿ ಈಗಾಗಲೇ ಐದಾರು ಬಾಟಲಿ ಇವೆ. ಏಳನೆಯದು ಯಾಕೆ ಬೇಕು?

ಪವರ್ ಬ್ಯಾಂಕ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟ್ಟುನಿಟ್ಟು. ಅದಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಮೈಮೇಲೆ 'ಆರ್' ಅಕ್ಷರದ ಮುಂದೆ ಎಂಟು ಅಂಕಿಯ ನಂಬರ್ ಇರಬೇಕು. ಅದು ಇಲ್ಲದ ಅಗ್ಗದ ಮಾಲು ಬೇಸಿಗೆಯಲ್ಲಿ ಪಾವಗಡದ ಬಿಸಿಲಿಗೆ ನಿಂತ ಜೀಪಿನೊಳಗೆ ಇದ್ದು ಉಬ್ಬಿಕೊಂಡರೆ, ಹೊತ್ತಿಕೊಂಡರೆ, ಅದರ ಮೇಲಿರುವ ಹೆಸರು ನಿಮ್ಮದು. ಒಳ್ಳೆಯ ಕಂಪನಿಯದ್ದು ತಗೊಳ್ಳೋಣ ಅಂದರೆ 140ಕ್ಕೆ ಬಜೆಟ್ ಪೂರ್ತಿ ಅಲ್ಲೇ ಮುಗಿಯುತ್ತದೆ.

ಹೊತ್ತಿನ ವಿಷಯ. ದೀಪಾವಳಿ ಬಿಡಿ. ನಿಮ್ಮ ಹಬ್ಬ ಬೇಸಿಗೆ. ಮಾರ್ಚಿನಿಂದ ಮೇವರೆಗೆ ನೀರು ಕೆಳಗಿಳಿಯುತ್ತದೆ, ವೋಲ್ಟೇಜ್ ಬೀಳುತ್ತದೆ, ಮೋಟರ್ ಸುಡುತ್ತದೆ. ಆಗ ಮೀಟರ್, ಟಾರ್ಚ್ ಕೈಯಲ್ಲಿ ಇರಬೇಕು ಅಂದರೆ ಸಂಕ್ರಾಂತಿ ಮುಗಿದ ಮೇಲೆ, ಶಿವರಾತ್ರಿ ಸಿದ್ಧಗಂಗೆ ಜಾತ್ರೆ ಶುರುವಾಗುವ ಮೊದಲು ಕೊಟ್ಟು ಮುಗಿಸಿ. ಆ ತಿಂಗಳಲ್ಲಿ ಬೇರೆ ಯಾರೂ ಗಿಫ್ಟ್ ಕೊಡಲ್ಲ. ಶಿರಾದಲ್ಲಿ, ತುಮಕೂರಿನಲ್ಲಿ ನಿಮಗೆ ಮುಸ್ಲಿಂ ಗಿರಾಕಿಗಳೂ ಇರುತ್ತಾರೆ. ಯಾರ ಹಬ್ಬವೂ ಅಲ್ಲದ, ಎಲ್ಲರ ಕೆಲಸದ ಹೊತ್ತಿನಲ್ಲಿ ಕೊಟ್ಟದ್ದು ಎಲ್ಲರಿಗೂ ಒಂದೇ ಥರ ತಲುಪುತ್ತದೆ. ಚಾರ್ಟ್ ಮಾತ್ರ ಆಯುಧಪೂಜೆಗೆ ಕೊಡಿ. ಅಂಗಡಿ ಗುಡಿಸಿ, ತೊಳೆದು, ಗೋಡೆ ಖಾಲಿ ಮಾಡುವ ದಿನ ಅದು, ಹೊಸ ಮೊಳೆ ಬೀಳುತ್ತದೆ. ಆದರೆ ಅದಕ್ಕೆ ಮುಂಚಿನ ಪಿತೃಪಕ್ಷದಲ್ಲಿ ಹಂಚಬೇಡಿ, ಹೊಸದು ತಗೊಳ್ಳಲು ಹಿಂಜರಿಯುವವರು ನಮ್ಮ ಕಡೆ ಇನ್ನೂ ಬಹಳ ಇದ್ದಾರೆ.

ಕ್ಯಾಲೆಂಡರ್ ಕೊಡೋದಾ ಅಂತ ನೀವು ಕೇಳಿಲ್ಲ, ಆದರೆ ಕೇಳೇ ಕೇಳ್ತೀರಿ. ಕೊಡಬಹುದು, ಈ ಬಜೆಟ್‌ನಲ್ಲಿ ನಾನು ಸೇರಿಸಿಲ್ಲ. ಹಳ್ಳಿ ಮನೆಯಲ್ಲಿ ಕ್ಯಾಲೆಂಡರ್ ಅಂದರೆ ಲೆಕ್ಕದ ಪುಸ್ತಕ. ಡೇರಿಗೆ ಹಾಕಿದ ಹಾಲು ಎಷ್ಟು, ಹಸುವಿಗೆ ಇಂಜೆಕ್ಷನ್ ಕೊಡಿಸಿದ್ದು ಯಾವತ್ತು, ಗ್ಯಾಸ್ ಬಂದಿದ್ದು ಯಾವಾಗ, ಎಲ್ಲ ಅದರಲ್ಲೇ ಬರೆಯೋದು. ಅದಕ್ಕೆ ಪ್ರತಿ ದಿನದ ಚೌಕದಲ್ಲಿ ಬರೆಯಲು ಜಾಗ ಬೇಕು, ಪೆನ್ನಿನ ಮಸಿ ಹಿಡಿಯುವ ಕಾಗದ ಬೇಕು, ಅಮಾವಾಸ್ಯೆ ಹುಣ್ಣಿಮೆ ರಾಹುಕಾಲ ಬೇಕು. ಮಿರಮಿರ ಹೊಳೆಯುವ ಕಾಗದದ ಮೇಲೆ ಬಾಲ್‌ಪೆನ್ ನಡೆಯಲ್ಲ. ದೇವರ ಚಿತ್ರ ಬೇಡ. ವರ್ಷ ಮುಗಿದ ಮೇಲೆ ಬಿಸಾಡಲು ಆಗದೆ ಜನ ಅರಳಿಕಟ್ಟೆ ಕೆಳಗೆ ಇಟ್ಟು ಬರುತ್ತಾರೆ, ಅಲ್ಲಿ ಮಳೆಗೆ ನೆನೆಯೋದನ್ನು ನೋಡಿದರೆ ಸಂಕಟವಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ದೇವರಾಯನದುರ್ಗ, ನಾಮದ ಚಿಲುಮೆ ಇಂಥ ನಮ್ಮದೇ ಫೋಟೊ ಹಾಕಿಸಿ. ಮಾಡಿಸೋದಾದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಆರ್ಡರ್ ಕೊಡಿ. ಜನವರಿ 10ಕ್ಕೆ ಬಂದ ಕ್ಯಾಲೆಂಡರ್‌ಗೆ ಗೋಡೆಯಲ್ಲಿ ಮೊಳೆ ಇರಲ್ಲ.

ತುಂಬಾ ಹಳೆಯ, ಕಷ್ಟದಲ್ಲಿ ನಿಮ್ಮ ಕೈ ಹಿಡಿದ ಗಿರಾಕಿಗಳು ಒಂದಿಪ್ಪತ್ತು ಜನ ಇರುತ್ತಾರಲ್ಲ, ಅವರಿಗೆ ಹೆಸರು ಹಾಕದ ಉಡುಗೊರೆ ಕೊಡಿ. ನನಗೆ ಹೊಳೆಯೋದು ಸಿದ್ದು ಹಲಸಿನ ಕಸಿ ಗಿಡ. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನದ್ದೇ ಕೆಂಪು ತೊಳೆಯ ಹಲಸು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ ಬೆಳೆಸಿದ ತಳಿ. ತುಮಕೂರು ಪಕ್ಕದ ಹಿರೇಹಳ್ಳಿಯಲ್ಲಿ ಅವರ ಕೇಂದ್ರ ಇದೆ, ಅಲ್ಲಿ ಮುಂಚಿತವಾಗಿ ವಿಚಾರಿಸಿ. ಜೂನ್ ಮಳೆ ಬಿದ್ದ ಮೇಲೆ ಇಬ್ಬಿಬ್ಬರಿಗೆ ನೀವೇ ಗಿಡ ಹೊತ್ತುಕೊಂಡು ಹೋಗಿ ತೋಟದಲ್ಲಿ ನಿಂತು ನೆಡಿಸಿ. ತೋಟ ಇರುವ ಮನುಷ್ಯ ಗಿಡ ಕೊಟ್ಟವರನ್ನು ಮರೆಯಲ್ಲ.

ಹಣದ ಲೆಕ್ಕ ಹೀಗೆ ಕೂರುತ್ತದೆ. 40 ಮೀಟರ್‌ಗೆ 60,000. ಟಾರ್ಚ್ ಒಂದಕ್ಕೆ 600 ಹಿಡಿದರೆ 140ಕ್ಕೆ 84,000. ಚಾರ್ಟ್ ಅಂಗಡಿಗೆ ಎರಡರಂತೆ, ಒಂದು ಕೌಂಟರ್‌ಗೆ ಒಂದು ಗೋಡೌನ್‌ಗೆ, 30,000. ಗಿಡಕ್ಕೆ 10,000. ಉಳಿದ 16,000 ಸಾಗಾಣಿಕೆಗೆ, ಕೆಟ್ಟ ಪೀಸ್ ಬದಲಾಯಿಸಲು, ಮಧ್ಯದಲ್ಲಿ ಸೇರುವ ಹೊಸ ಅಂಗಡಿಗೆ. ಇವೆಲ್ಲ ಜಿಎಸ್‌ಟಿ ಸೇರಿದ ಲೆಕ್ಕ ಇರಬೇಕು. ಯಾಕೆಂದರೆ ಗಿಫ್ಟ್ ಆಗಿ ಕೊಟ್ಟ ಮಾಲಿಗೆ ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ ಪ್ರಕಾರ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗಲ್ಲ. ಎಷ್ಟೋ ಜನ ಇದನ್ನು ಮರೆತು ಕ್ರೆಡಿಟ್ ತಗೊಂಡು ಆಮೇಲೆ ಬಡ್ಡಿ ಸಮೇತ ಕಟ್ಟುತ್ತಾರೆ.

ಆದಾಯ ತೆರಿಗೆಯಲ್ಲೂ ಒಂದು ನಿಯಮ ಇದೆ, 194ಆರ್ ಅನ್ನೋ ಸೆಕ್ಷನ್ ಆಗಿ 2022ರ ಜುಲೈ 1ರಿಂದ ಬಂತು. ವ್ಯಾಪಾರದ ಸಂಬಂಧದಲ್ಲಿ ಒಬ್ಬರಿಗೆ ಒಂದು ವರ್ಷದಲ್ಲಿ ಕೊಟ್ಟ ಉಡುಗೊರೆ, ಟೂರು, ಚಿನ್ನದ ನಾಣ್ಯ ಎಲ್ಲ ಸೇರಿ 20,000 ರೂಪಾಯಿ ದಾಟಿದರೆ ನೀವು 10 ಪರ್ಸೆಂಟ್ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಟ್ಟಬೇಕು. ಈ ಟಾರ್ಚ್, ಚಾರ್ಟ್ ಅದರ ಹತ್ತಿರವೂ ಬರಲ್ಲ. ಆದರೆ ನೀವೇ ಡೀಲರ್‌ಗಳನ್ನು ಗೋವಾಗೋ ಬ್ಯಾಂಕಾಕ್‌ಗೋ ಕರೆದುಕೊಂಡು ಹೋದರೆ ಬರಬಹುದು. ನಿಮ್ಮ ಆಡಿಟರ್‌ಗೆ ಪಟ್ಟಿ ತೋರಿಸಿ. ಬಿಲ್ಲಿನಲ್ಲೇ ಕಳೆದು ತೋರಿಸುವ ಡಿಸ್ಕೌಂಟ್‌ಗೆ ಇದು ಇಲ್ಲ.

ಡ್ರಿಪ್ ಸಬ್ಸಿಡಿ ಕೆಲಸದಲ್ಲಿ ಇಲಾಖೆಯವರ ಪರಿಚಯ ನಿಮಗೂ ಇರಬಹುದು. ಅವರಿಗೆ ಇದರಲ್ಲಿ ಒಂದು ಪೆನ್ನೂ ಬೇಡ. 2018ರ ತಿದ್ದುಪಡಿ ಆದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಕೊಟ್ಟವರೂ ಅಪರಾಧಿಯೇ, ಏಳು ವರ್ಷದವರೆಗೆ ಜೈಲು ಇದೆ.

ಕೊಡುವ ರೀತಿ ಬಗ್ಗೆ ಒಂದೇ ಮಾತು. ಪೈಪು ತುಂಬಿದ ಲಗೇಜ್ ಆಟೋದಲ್ಲಿ ಬಿಲ್ ಜೊತೆ ಪಿನ್ ಮಾಡಿ ಕಳಿಸಬೇಡಿ. ಬಾಕಿ ವಸೂಲಿಗೆ ಹೋದ ದಿನವೂ ಕೊಡಬೇಡಿ, ಕೊಟ್ಟ ಕೈಯಲ್ಲೇ ಕೇಳಿದ ಹಾಗಾಗುತ್ತದೆ. ಮೆಕ್ಯಾನಿಕ್‌ಗೆ ಕೊಡುವಾಗ ಅಂಗಡಿ ಮಾಲೀಕರ ಎದುರಿಗೇ ಕೊಡಿ, ಅವರ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಅಂತ ಅನಿಸಬಾರದು. ಹೆಸರು ಹಿಡಿದು ಕರೆದು, ಡಬ್ಬಿ ಅಲ್ಲೇ ಬಿಚ್ಚಿಸಿ, ಬ್ಯಾಟರಿ ಹಾಕಿ, ಕೌಂಟರ್ ಮೇಲಿನ ಫ್ಯಾನಿನ ವೈರಿಗೆ ಒಂದು ಸಲ ಹಿಡಿದು ರೀಡಿಂಗ್ ಬರುತ್ತಾ ನೋಡಿಸಿ. ಎರಡೂ ವೈರು ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ, ಒಂದೇ ವೈರು ಹಿಡಿಯಬೇಕು, ಅದನ್ನೂ ತೋರಿಸಿಕೊಡಿ.

ಪಟ್ಟಿಯನ್ನು ಪಾವಗಡದಿಂದ ಶುರು ಮಾಡಿ. ಐದು ತಾಲ್ಲೂಕಿನಲ್ಲಿ ನಿಮ್ಮಿಂದ ದೂರ ಇರೋದು ಅದೇ, ಅಲ್ಲಿಗೆ ಯಾರೂ ಜಾಸ್ತಿ ಹೋಗಲ್ಲ. ಅಲ್ಲಿನ ಒಂದೊಂದು ಅಂಗಡಿಗೂ ಫೋನ್ ಮಾಡಿ, "ನಿಮ್ಮೂರಲ್ಲಿ ಮೋಟರ್ ಇಳಿಸೋದರಲ್ಲಿ ಒಳ್ಳೆ ಕೈ ಯಾರದು?" ಅಂತ ಕೇಳಿ. ಮೂರು ಅಂಗಡಿಯವರು ಒಂದೇ ಹೆಸರು ಹೇಳಿದರೆ, ಅದೇ ನಿಮ್ಮ ಪಟ್ಟಿಯ ಮೊದಲ ಹೆಸರು.